ಒಂದು ಬೆಳೆಯ ಅಳಿಯ

ನನ್ನಣ್ಣ ಬೋರಯ್ಯನ ಮಗಳು ಮಂಗಳಾ ಒಂದು ಸಂಜೆ ನನ್ನ ಅಡುಗೆಮನೆ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದಳು. ರಾಯದುರ್ಗದಿಂದ ಒಬ್ಬರು ಬರುತ್ತಾರೆ, ಒಂದು ಬೆಳೆ ಮುಗಿಯುವ ತನಕ ನಿಮ್ಮ ಪಡಸಾಲೆಯಲ್ಲಿ ಮಲಗಲಿ, ಊಟ ತಿಂಡಿ ನಮ್ಮಲ್ಲೇ ಎಂದಳು. ಬೆಳೆ ಎಂದರೆ ಆಂಧ್ರ ಗಡಿಯ ಅಗಳಿ ಸುತ್ತಿನ ನಮ್ಮ ಊರುಗಳಲ್ಲಿ ರೇಷ್ಮೆ ಹುಳುವಿನ ಒಂದು ಸುತ್ತು. ಮರಿ ಹುಳು ಮನೆಗೆ ಬಂದಂದಿನಿಂದ ಗೂಡು ಬಿಡಿಸುವ ತನಕ ಮೂರು ವಾರದ ಮೇಲಾಗುತ್ತದೆ. ಅಷ್ಟು ದಿನ ಇರುವವನು ಯಾರು, ನೆಂಟನಾ, ಕೂಲಿಯವನಾ ಎಂದು ಕೇಳಿದೆ. ಎರಡೂ ಅಲ್ಲ ಎಂದಳು. ನಾನು ಆಯುಷ್ಯವೆಲ್ಲ ಅಂಗನವಾಡಿಯಲ್ಲಿ ಮಕ್ಕಳನ್ನು ಗದರಿಸಿದವಳು. ಗದರಿಸುವುದಕ್ಕೆ ಬಾಯಿ ತೆರೆದೆ, ಅವಳ ಮುಖ ನೋಡಿ ಸುಮ್ಮನಾದೆ.

ಮಂಗಳಾಗೆ ಆಗ ಮೂವತ್ತು ದಾಟಿತ್ತು. ಹಿಂದೂಪುರದಲ್ಲಿ ಬಿ.ಕಾಂ. ಮುಗಿಸಿದ ವರ್ಷವೇ ತಾಯಿ ತೀರಿಕೊಂಡಳು. ಮರುವರ್ಷ ಬೋರಯ್ಯ ಸ್ಕೂಟರಿನಿಂದ ಬಿದ್ದು ಸೊಂಟ ಮುರಿದುಕೊಂಡ. ಹುಳು ಮನೆ ಮುಚ್ಚುತ್ತಾರೆ ಎಂದು ಊರೇ ಮಾತಾಡುತ್ತಿದ್ದಾಗ ಈ ಹುಡುಗಿ ಅಪ್ಪನ ಹಳೇ ಅಂಗಿಯನ್ನು ಚೂಡಿದಾರದ ಮೇಲೆ ಹಾಕಿಕೊಂಡು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಇಳಿದಳು. ಅಂದಿನಿಂದ ಆ ಅಂಗಿ ಬಿಚ್ಚಿಲ್ಲ. ನೋಡಲು ಬಂದ ಗಂಡುಗಳಿಗೆ ಕಾಫಿ ತಟ್ಟೆ ಹಿಡಿದದ್ದು ಕೆಲವು ಸಲ ಮಾತ್ರ. ಆಮೇಲೊಂದು ದಿನ ಅಪ್ಪನನ್ನು ಕೂರಿಸಿಕೊಂಡು, ಗುರುತಿಲ್ಲದವರ ಮುಂದೆ ಇನ್ನು ತಟ್ಟೆ ಹಿಡಿಯುವುದಿಲ್ಲ, ಬೇಕಾದರೆ ನೀನೇ ಹಿಡಿ ಎಂದುಬಿಟ್ಟಳು. ಬೋರಯ್ಯ ಒಂದು ವಾರ ಅವಳ ಜೊತೆ ಮಾತು ಬಿಟ್ಟಿದ್ದ.

ಅವಳಿಗೆ ಒಂದೇ ಹುಚ್ಚು, ಹಕ್ಕಿ ನೋಡುವುದು. ಓದುವಾಗ ವೀರಾಪುರಕ್ಕೆ ಹೋಗಿ ಹುಣಸೆಮರಗಳ ತುಂಬ ಕೂತ ಕೊಕ್ಕರೆ ನೋಡಿದವಳು ಆ ಮೇಲೆ ಬಿಡಲೇ ಇಲ್ಲ. ಎರಡು ಬೆಳೆಗಳ ನಡುವೆ ಹುಳು ಮನೆ ತೊಳೆದು ಒಣಗಲು ಬಿಟ್ಟ ದಿನಗಳಲ್ಲಿ ದುರ್ಬೀನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು. ಮದುವೆ ವಯಸ್ಸಿನ ಹೆಣ್ಣು ಹಕ್ಕಿ ನೋಡಲು ಹೋಗುವುದೆಂದರೆ ಏನು ಎಂದು ನಾನೂ ಮೊದಮೊದಲು ಉರಿದುಬಿದ್ದಿದ್ದೆ. ನನ್ನ ಕಾಲದಲ್ಲಿ ಬಸ್ಸು ಹತ್ತಬೇಕಾದರೆ ಯಾರಾದರೂ ಸತ್ತಿರಬೇಕಾಗಿತ್ತು ಇಲ್ಲವೇ ಹೆತ್ತಿರಬೇಕಾಗಿತ್ತು. ಹೊಟ್ಟೆಕಿಚ್ಚು ಇತ್ತೇನೋ, ಇಲ್ಲ ಎನ್ನಲಾರೆ.

ಹಾಗೆ ಹೋದಾಗ ಭೈರವಾನಿತಿಪ್ಪದ ಜಲಾಶಯದ ದಂಡೆಯಲ್ಲಿ ಸಿಕ್ಕವನು ಭರತ್. ರಾಯದುರ್ಗದ ಒಂದು ಜೀನ್ಸ್ ಘಟಕದಲ್ಲಿ ಕಟಿಂಗ್ ಮಾಸ್ಟರ್. ಹಕ್ಕಿ ನೋಡುವವರ ವಾಟ್ಸಾಪ್ ಗುಂಪೊಂದರಲ್ಲಿ ಇಬ್ಬರೂ ಇದ್ದರಂತೆ. ಚಳಿಗಾಲಕ್ಕೆ ಬರುವ ಹೆಬ್ಬಾತುಗಳನ್ನು ನೋಡಲು ಎಲ್ಲರೂ ಒಟ್ಟಿಗೆ ಹೋದರು. ಮುಂದಿನ ಸಲ ಇವರಿಬ್ಬರೇ ಹೋದರು. ಎರಡು ವರ್ಷ ಬಿಡುವಿದ್ದ ಭಾನುವಾರಗಳಲ್ಲಿ ಭೇಟಿಯಾದರು. ಕೊನೆಗೆ ನಮ್ಮೂರ ಹನುಮಂತರಾಯ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಇವರು ಒಂದೇ ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ ತಿನ್ನುವುದನ್ನು ಕಂಡು ಬಂದು ಬೋರಯ್ಯನ ಕಿವಿಗೆ ಹಾಕಿದ. ಬೋರಯ್ಯ ಬೈಯುತ್ತಾನೆಂದು ನಾನು ಕಾದಿದ್ದೆ, ಅವನು ಬೈಯಲಿಲ್ಲ. ಹುಡುಗನ ಕುಲ ಕೇಳಿದ. ಕುಲ ಹೊಂದಿಬಿಟ್ಟಿತು. ಹಾಗಾದರೆ ಮದುವೆ ಮಾಡೋಣ, ಬರುವ ತಿಂಗಳೇ ಆಗಲಿ ಎಂದ. ಕುಲ ಹೊಂದದಿದ್ದರೇ ಮಂಗಳಾಗೆ ಇನ್ನಷ್ಟು ಸಮಯ ಸಿಗುತ್ತಿತ್ತೇನೋ.

ಅವಳು ಒಪ್ಪಲಿಲ್ಲ. ಅವನು ಬೇಡ ಎಂದೂ ಹೇಳಲಿಲ್ಲ. ಇನ್ನೊಂದು ವರ್ಷ ಹೀಗೇ ಭೇಟಿಯಾಗುತ್ತೇವೆ, ಆಮೇಲೆ ಹೇಳುತ್ತೇನೆ ಎಂದಳು. ಹಾಗೆಂದರೆ ಏನು, ಅದನ್ನು ಏನೆಂದು ಕರೆಯುತ್ತಾರೆ ಎಂದು ಬೋರಯ್ಯ ಕೇಳಿದ. ಕರೆಯಲೇಬೇಕಾ ಎಂದು ಅವಳು ಕೇಳಿದಳು. ಇಬ್ಬರೂ ಸೋಲುವವರಲ್ಲ. ಕೊನೆಗೆ ಅವಳೇ ಈ ದಾರಿ ಹುಡುಕಿದಳು: ಅವನು ಬಂದು ಒಂದು ಬೆಳೆ ತೆಗೆಯಲಿ.

“ಭಾನುವಾರದ ಭರತ್ ನಂಗೊತ್ತು ಅತ್ತೆ,” ಅಂದಳು ಅವತ್ತು ನನ್ನ ಬಾಗಿಲಲ್ಲಿ. “ಸೋಮವಾರ ಹೆಂಗಿರ್ತಾನೆ ನೋಡ್ಬೇಕು.”

ನನ್ನ ಗಂಡನ ಮುಖ ನಾನು ಸರಿಯಾಗಿ ನೋಡಿದ್ದು ತಾಳಿ ಬಿದ್ದ ಮೇಲೆ. ಪಡಸಾಲೆಯ ಮಂಚ ಕೊಡವಿ ಹಾಕಿದೆ.

ಅವನು ಬಂದ ದಿನ ನಾನು ಕಣ್ಣು ತೋರಿಸಿಕೊಳ್ಳಲು ಮಡಕಶಿರಕ್ಕೆ ಹೋಗಿದ್ದೆ. ಮಂಗಳಾ ಹುಳು ಮನೆಯಲ್ಲಿ ಸೊಪ್ಪು ಹಾಕುತ್ತಿದ್ದಳು, ಅರ್ಧಕ್ಕೆ ಬಿಟ್ಟು ಬರುವ ಹಾಗಿರಲಿಲ್ಲ. ನಾವಿಬ್ಬರೂ ಇಲ್ಲದ ಆ ಹೊತ್ತಿನಲ್ಲಿ ಬೋರಯ್ಯ ಒಂದು ಕೆಲಸ ಮಾಡಿದ. ಹನುಮಂತರಾಯನನ್ನೂ ಇನ್ನಿಬ್ಬರು ಹಿರಿಯರನ್ನೂ ಜಗಲಿ ಮೇಲೆ ಕೂರಿಸಿಕೊಂಡು, ಬಂದ ಹುಡುಗನಿಗೆ ಕಾಲಿಗೆ ನೀರು ಕೊಟ್ಟು, ಹೊಸ ಟವಲ್ಲು ಹೊದಿಸಿ, ಇವತ್ತಿನಿಂದ ಇವನು ನಮ್ಮನೆ ಮಗ ಎಂದು ಹೇಳಿಬಿಟ್ಟ. ಹುಡುಗ ನಕ್ಕು, ಬಗ್ಗಿ ಕಾಲು ಮುಟ್ಟಿದ. ಮನೆಗೆ ಬಂದವರಿಗೆ ಈ ಕಡೆ ಹೀಗೆ ಮರ್ಯಾದೆ ಮಾಡುತ್ತಾರೆ ಎಂದುಕೊಂಡನಂತೆ. ಟವಲ್ಲನ್ನು ಸೊಪ್ಪು ಹೊರಲು ತಲೆಗೆ ಸುತ್ತಿಕೊಂಡ.

ಅದು ಮರ್ಯಾದೆಯಲ್ಲ. ನಮ್ಮ ಸೀಮೆಯಲ್ಲಿ ಇಲ್ಲಟಂ ಅಳಿಯನನ್ನು ತೆಗೆದುಕೊಳ್ಳುವುದು ಹಾಗೆ. ಗಂಡುಮಕ್ಕಳಿಲ್ಲದ ಮನೆಯವರು ಮಗಳಿಗೆ ಗಂಡು ತಂದು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಅವನು ಹುಟ್ಟಿದ ಮನೆ ಬಿಟ್ಟು ಇಲ್ಲಿ ದುಡಿಯುತ್ತಾನೆ, ಮಾವನ ಹೊಲಮನೆ ಮಗನ ಹಾಗೆ ಅವನಿಗೆ ಬರುತ್ತದೆ. ಕೆಲವು ಮನೆಗಳಲ್ಲಿ ಮದುವೆಗೆ ಮುಂಚೆಯೇ ಬಂದು ಗೇಯ್ಮೆಗೆ ನಿಲ್ಲುವುದೂ ಇತ್ತು. ನಾಲ್ಕು ಜನರ ಮುಂದೆ ಟವಲ್ಲು ಹೊದಿಸಿ ಮಗ ಎಂದರೆ ಮುಗಿಯಿತು, ಮದುವೆ ಮುಂದೆ ಯಾವತ್ತಾದರೂ ಆಗುತ್ತದೆ.

ಹನುಮಂತರಾಯನ ಹೆಂಡತಿಯಿಂದ ಮರುದಿನ ನನಗೆ ವಿಷಯ ಗೊತ್ತಾಯಿತು. ನೇರ ಹೋಗಿ ಬೋರಯ್ಯನನ್ನು ಹಿಡಿದುಕೊಂಡೆ. ಮಗಳನ್ನು ಒಂದು ಮಾತು ಕೇಳದೆ ಇದೇನು ಮಾಡಿದೆ ಎಂದು ಬೈದೆ. ಅವನಿಗೆ ಪಶ್ಚಾತ್ತಾಪ ಕಿಂಚಿತ್ತೂ ಇರಲಿಲ್ಲ.

“ಮದ್ವೆ ಆಗ್ದಿರೋ ಹೆಣ್ಣಿನ ಮನೆಗೆ ಒಬ್ ಗಂಡ್ಸು ಬಂದು ಗೇಯ್ತಾನೆ ಅಂದ್ರೆ ಅದುಕ್ಕೊಂದು ಹೆಸ್ರು ಬೇಡ್ವೇನೆ ಲಕ್ಷ್ಮಕ್ಕ? ನಾಳೆ ಊರು ಇಡೋ ಹೆಸ್ರಿಗಿಂತ ನಾನಿಟ್ಟಿದ್ದು ವಾಸಿ.”

ಕೋಪ ಬಂತು, ಆದರೂ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಮಂಗಳಾಗೆ ನಾನೇ ಹೇಳಿದೆ. ಅವಳು ಸೊಪ್ಪಿನ ಹೊರೆ ಕೆಳಗಿಟ್ಟಳು. ಆಮೇಲೆ ಅಪ್ಪನ ಹತ್ತಿರ ಹೋಗಿ, ಆ ಹಿರಿಯರನ್ನು ಮತ್ತೆ ಕರೆಸಿ ಇದು ಇಲ್ಲಟಂ ಅಲ್ಲ ಎಂದು ಹೇಳು ಎಂದಳು. ಬೋರಯ್ಯ ಆಗುವುದಿಲ್ಲ ಎನ್ನಲಿಲ್ಲ. ಬೆಳೆ ಮುಗಿಯಲಿ ಎಂದ. ಹುಳು ಮನೆಯಲ್ಲಿರುವಾಗ ಜಗಳ ಮಾಡಬಾರದು ಎನ್ನುವುದು ನಮ್ಮಲ್ಲಿ ಎಲ್ಲರೂ ಪಾಲಿಸುವ ಮಾತು. ಬೆಳೆ ಹಾಳಾದರೆ ಆ ಜಗಳದ ಮೇಲೇ ಬರುತ್ತದೆ. ಅವಳೂ ಅದನ್ನು ನಂಬುತ್ತಿದ್ದಳೋ ಇಲ್ಲವೋ, ಆ ಮಾತು ಅಲ್ಲಿಗೇ ಬಿಟ್ಟಳು. ಭರತ್‌ಗೆ ಆ ಟವಲ್ಲಿನ ಅರ್ಥ ಹೇಳಿ, ನಿಮ್ಮಮ್ಮನಿಗೆ ಈಗಲೇ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ತಿಳಿಸು, ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದಳು. ಅವನು ಹೂಂ ಎಂದ. ಫೋನು ಮಾಡಲಿಲ್ಲ.

ಅದು ನನಗೆ ಹೇಗೆ ಗೊತ್ತು ಎಂದರೆ ಅವನು ಇದ್ದದ್ದು ನನ್ನ ಮನೆಯಲ್ಲಿ. ತಾಯಿಯ ಫೋನು ದಿನಾ ಬರುತ್ತಿತ್ತು. ಎತ್ತಿಕೊಂಡು ಹಿತ್ತಲಿಗೆ ಹೋಗಿ, ಹಿಂದೂಪುರದಲ್ಲಿ ಗೆಳೆಯನ ಮನೆಯಲ್ಲಿದ್ದೇನೆ, ಘಟಕ ತೆರೆದ ಕೂಡಲೇ ಬರುತ್ತೇನೆ ಎನ್ನುತ್ತಿದ್ದ. ಅವನಿದ್ದ ಘಟಕಕ್ಕೆ ಆಗ ಆರ್ಡರ್ ಇಲ್ಲದೆ ರಜೆ ಕೊಟ್ಟಿದ್ದರು. ಅಮ್ಮನಿಗೆ ಹೇಳಪ್ಪ ಎಂದು ನಾನು ಒಂದೆರಡು ಸಲ ಅಂದೆ. “ಹೇಳ್ತೀನ್ರಿ ಅಮ್ಮ, ಟೈಮ್ ನೋಡಿ ಹೇಳ್ತೀನಿ,” ಎಂದು ನಗುತ್ತಿದ್ದ. ಆ ನಗು ಎಷ್ಟು ಚೆನ್ನಾಗಿತ್ತೆಂದರೆ ಮುಂದೆ ಕೇಳಲು ಮನಸ್ಸೇ ಬರುತ್ತಿರಲಿಲ್ಲ.

ಕೆಲಸದಲ್ಲಿ ಅವನಿಗೆ ಹೆಸರಿಡುವಂತಿರಲಿಲ್ಲ. ಬೆಳಕು ಹರಿಯುವ ಮುಂಚೆ ಎದ್ದು ಸೊಪ್ಪಿಗೆ ಹೋಗುತ್ತಿದ್ದ. ಹುಳುವಿಗೆ ವಾಸನೆ ಆಗದು ಎಂದ ದಿನದಿಂದ ಪೌಡರು, ತಲೆಗೆಣ್ಣೆ ಎಲ್ಲ ಬಿಟ್ಟ. ಹುಳು ಜ್ವರಕ್ಕೆ ಕೂತಾಗ, ಅಂದರೆ ತಿನ್ನುವುದು ಬಿಟ್ಟು ಪೊರೆ ಕಳಚುವ ದಿನ, ಸುಣ್ಣದ ಪುಡಿ ಎಷ್ಟು ಉದುರಿಸಬೇಕೆಂದು ಒಂದೇ ಸಲಕ್ಕೆ ಕಲಿತ. ಸಂಜೆ ಇಬ್ಬರೂ ಹುಳು ಮನೆಯ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಹಕ್ಕಿ ಫೋಟೊ ನೋಡುತ್ತ ವಾದ ಮಾಡುವುದು ನನ್ನ ಕಿಟಕಿಗೆ ಕಾಣುತ್ತಿತ್ತು. ಮಂಗಳಾ ಅಷ್ಟು ನಕ್ಕಿದ್ದನ್ನು ಅವಳ ತಾಯಿ ಹೋದ ಮೇಲೆ ನಾನು ನೋಡಿರಲಿಲ್ಲ. ದಿನ ಕಳೆದಂತೆ ನನಗೆ ಭಯ ಹೆಚ್ಚಾಯಿತು. ಇವಳು ಹೂಂ ಎನ್ನುವ ತನಕ ಆ ಟವಲ್ಲಿನ ಸುದ್ದಿ ರಾಯದುರ್ಗ ಮುಟ್ಟದಿದ್ದರೆ ಸಾಕು ಎಂದು ದೇವರಿಗೆ ಕೈ ಮುಗಿಯುತ್ತಿದ್ದೆ.

ಅದು ಮುಟ್ಟಿತು. ಹನುಮಂತರಾಯನ ಬೀಗರ ಕಡೆಯವರು ಯಾರೋ ರಾಯದುರ್ಗದಲ್ಲಿದ್ದರು.

ಅವತ್ತು ಹುಳು ಹಣ್ಣಾದ ದಿನ. ರೇಷ್ಮೆ ಮಾಡದವರಿಗೆ ಆ ದಿನದ ಆತಂಕ ಗೊತ್ತಾಗುವುದಿಲ್ಲ. ಬೆಳಿಗ್ಗೆ ಅಲ್ಲೊಂದು ಇಲ್ಲೊಂದು ಹುಳು ತಿನ್ನುವುದು ಬಿಟ್ಟು ತಲೆ ಎತ್ತುತ್ತದೆ. ಮೈ ತಿಳಿಯಾಗಿ ಹಳದಿ ತಿರುಗುತ್ತದೆ. ಬಿಸಿಲೇರುವ ಹೊತ್ತಿಗೆ ಮನೆಗೆ ಮನೆಯೇ ಹಣ್ಣಾಗಿರುತ್ತದೆ. ಒಂದೊಂದನ್ನೇ ಆಯ್ದು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು, ಅಲ್ಲಿ ಅದು ಗೂಡು ಕಟ್ಟಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಎಲ್ಲ ಹಾಳು. ಬೀದಿಯ ಹೆಂಗಸರನ್ನೆಲ್ಲ ಕರೆದು ಒಳಗೆ ಕೂರಿಸಿದ್ದೆವು. ಮಂಗಳಾ, ಭರತ್ ಬೆಳಗಿನಿಂದ ನೀರು ಕುಡಿಯಲೂ ಎದ್ದಿರಲಿಲ್ಲ. ಕಾರು ಬಂದು ನಿಂತದ್ದು ಆಗ.

ಇಳಿದವಳು ಭರತನ ತಾಯಿ ಓಬಮ್ಮ. ಜೊತೆಗೆ ಅವಳ ತಮ್ಮ ಯರ್ರಪ್ಪ. ಓಬಮ್ಮ ಸಣ್ಣ ಆಳು, ಗಂಡ ತೀರಿದ ಮೇಲೆ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸಿಯೇ ಒಬ್ಬನೇ ಮಗನನ್ನು ಬೆಳೆಸಿದವಳು. ಬಾಯಲ್ಲಿ ಹೊಗೆಸೊಪ್ಪು, ಯರ್ರಪ್ಪನ ಮೈ ತುಂಬ ಸೆಂಟು. ಹುಳು ಮನೆ ಬಾಗಿಲಿನ ಸುಣ್ಣದ ಗೆರೆಯ ಹತ್ತಿರ ನಾನು ಅಡ್ಡ ನಿಂತು, ಒಳಗೆ ಬರಬೇಡಿ, ಹುಳು ಸಾಯುತ್ತವೆ ಎಂದೆ. ಅವಳು ನಿಂತಳು. ನೊಣ ಬಾರದಂತೆ ಕಟ್ಟಿದ್ದ ಪರದೆಯ ಈಚೆ ನಾವು, ಆಚೆ ಅವಳ ಮಗ. ಬೋರಯ್ಯ ಕೋಲೂರಿಕೊಂಡು ಜಗಲಿಯಿಂದ ಬಂದ.

“ನನ್ನ ಮಗನ್ನ ಇಲ್ಲಟಂ ಮಾಡಿಕೊಂಡೀರಂತ,” ಎಂದಳು ಓಬಮ್ಮ. ಅವಳ ದನಿ ಏರಲಿಲ್ಲ, ನಡುಗುತ್ತಿತ್ತು. “ನನ್ನ ಒಂದ್ ಮಾತು ಕೇಳಬೇಕನಸಲಿಲ್ಲೇನ್ರಿ? ನನಗ ಇರಾಂವ ಅವನೊಬ್ಬನ.”

ನನಗೆ ಅವಳ ಮೇಲೆ ಕೋಪ ಬರಬೇಕಾಗಿತ್ತು, ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಇನ್ನೂ ಜೋರಾಗಿ ಕೇಳುತ್ತಿದ್ದೆ.

ಟವಲ್ಲು ಹೊದ್ದುಕೊಂಡವನು ನಿಮ್ಮ ಮಗನೇ, ಹಿರಿಯರು ನೋಡಿದ್ದಾರೆ, ಮದುವೆ ಇಲ್ಲೇ ಎಂದ ಬೋರಯ್ಯ. ಆ ಟವಲ್ಲಿಗೆ ನಮ್ಮ ಹತ್ತಿರ ಬೆಲೆಯಿಲ್ಲ, ಮದುವೆಯಾದರೆ ರಾಯದುರ್ಗದಲ್ಲಿ, ಈ ತಿಂಗಳೇ, ಹುಡುಗಿ ಅಲ್ಲಿಗೆ ಬರಬೇಕು ಎಂದ ಯರ್ರಪ್ಪ. ಇಲ್ಲದಿದ್ದರೆ ಹುಡುಗ ಈಗಲೇ ಕಾರು ಹತ್ತುತ್ತಾನೆ ಎಂದೂ ಸೇರಿಸಿದ. ಇಬ್ಬರೂ ಮಾತಿಗೆ ಮಾತು ಬೆಳೆಸಿದರು. ಒಳಗೆ ಹೆಂಗಸರ ಕೈ ನಿಂತಿತ್ತು. ಮಂಗಳಾ ಮಾತ್ರ ಬಗ್ಗಿ ಹುಳು ಆಯುತ್ತಲೇ ಇದ್ದಳು, ಕಿವಿ ಕೆಂಪಾಗಿದ್ದವು.

ಓಬಮ್ಮ ಗಂಡಸರಿಬ್ಬರನ್ನೂ ಬಿಟ್ಟು ಪರದೆಯ ಕಡೆ ತಿರುಗಿದಳು.

“ನೀನ ಹೇಳಪ್ಪ. ಇಲ್ಲಿ ಇರಾಂವೇನು, ನನ್ನ ಕೂಡ ಬರಾಂವೇನು?”

ಭರತ್ ಹಣ್ಣು ಹುಳುವಿನ ತಟ್ಟೆ ಹಿಡಿದು ನಿಂತಿದ್ದ. ತಾಯಿಯನ್ನು ನೋಡಿದ, ನೆಲ ನೋಡಿದ.

“ನಾನೇನ್ ಹೇಳ್ಲಮ್ಮ. ಮಂಗಳಾ ಹೆಂಗ ಹೇಳ್ತಾಳ ಹಂಗ.”

ಒಳಗಿದ್ದ ಹೆಂಗಸರಲ್ಲಿ ಒಬ್ಬಳು ಮೆಚ್ಚಿ ಲೊಚಗುಟ್ಟಿದಳು. ಹೆಣ್ಣಿನ ಮಾತಿಗೆ ಹೀಗೆ ತಲೆಬಾಗುವ ಗಂಡಸು ಯಾವ ಊರಲ್ಲಿದ್ದಾನೆ. ನನಗೂ ಒಂದು ಗಳಿಗೆ ಮನಸ್ಸು ತುಂಬಿ ಬಂತು. ಆಮೇಲೆ ಮಂಗಳಾ ಮುಖ ನೋಡಿದೆ. ಇರು ಎಂದರೆ ವಿಧವೆಯ ಮಗನನ್ನು ಕಿತ್ತುಕೊಂಡವಳು ಇವಳು. ಹೋಗು ಎಂದರೆ ಕಳಿಸಿದವಳೂ ಇವಳೇ. ಮದುವೆ ಎಂದರೆ ಅವಳು ಕೇಳಿದ ವರ್ಷ ಅಲ್ಲಿಗೆ ಮುಗಿಯಿತು. ಮೂರೂ ಅವಳ ತಲೆಯ ಮೇಲೆ ಹಾಕಿ ಅವನು ಒಳ್ಳೆಯವನಾಗಿ ನಿಂತಿದ್ದ. ಎಲ್ಲರ ಕಣ್ಣೂ ಈಗ ಅವಳ ಮೇಲಿತ್ತು.

ಮಂಗಳಾ ಎದ್ದು ನಿಂತಳು.

“ನನ್ ಮಾತು ನಾನ್ ಹೇಳ್ತೀನಿ ಭರತ್. ನಿನ್ ಮಾತು ಯಾರ್ ಹೇಳ್ಬೇಕು?”

ಅವನು ಕೈಯಲ್ಲಿದ್ದ ತಟ್ಟೆ ನೋಡಿದ. ಅವಳು ಪರದೆಯ ಹತ್ತಿರ ಬಂದಳು. ಆ ಟವಲ್ಲಿಗೆ ನಾನು ಒಪ್ಪಿಲ್ಲ, ಮೊದಲ ದಿನವೇ ಹೇಳಿದ್ದೇನೆ ಎಂದು ಅಪ್ಪನಿಗೆ ಹೇಳಿದಳು. ಆಮೇಲೆ ಓಬಮ್ಮನ ಕಡೆ ನೋಡಿದಳು.

“ಅಮ್ಮ, ನಿಮ್ಮಗನ್ನ ನಾನು ಕಿತ್ಕಂಡಿಲ್ಲ. ಬಂದು ನಮ್ ಕೆಲ್ಸ ನೋಡು ಅಂದೆ, ಬಂದ. ಮದ್ವೆ ಮಾತು ಇವತ್ತು ಹೇಳಾಕೆ ನನ್ ಕೈಲಿ ಆಗಲ್ಲ. ಇನ್ನೊಂದ್ ವರ್ಷ ಬೇಕು. ಕದ್ದುಮುಚ್ಚಿ ಅಲ್ಲ, ನಿಮ್ಗೂ ಗೊತ್ತಿರೋ ಹಂಗೆ. ನಿಮ್ಮನೇಗೂ ಬತ್ತೀನಿ, ನಿಮ್ ಕೆಲ್ಸಾನೂ ಮಾಡಿ ನೋಡ್ತೀನಿ. ನಂದಿಷ್ಟೇ.”

ಇಂಥ ಮಾತಿಗೆ ಏನು ಹೇಳಬೇಕೆಂದು ಓಬಮ್ಮನಿಗೂ ಯಾರೂ ಕಲಿಸಿರಲಿಲ್ಲ. ಒಂದು ವರ್ಷವಂತೆ, ಸಂಸಾರ ಅಂದರೆ ಬಾಡಿಗೆ ಸೈಕಲ್ಲಾ ಎಂದು ಯರ್ರಪ್ಪ ಗೊಣಗಿದ. ಮಂಗಳಾ ಅವನ ಕಡೆ ನೋಡಲಿಲ್ಲ. ಭರತ್‌ನ ಕಡೆ ತಿರುಗಿ ಕಾದಳು. ಅವಳು ಕಾಯುತ್ತಿದ್ದದ್ದು ಇಷ್ಟಕ್ಕೇ. ನಾನು ಇರುತ್ತೇನೆ ಎನ್ನಲಿ, ಹೋಗುತ್ತೇನೆ ಎನ್ನಲಿ, ನನಗೂ ಒಂದು ವರ್ಷ ಬೇಕು ಎನ್ನಲಿ, ಏನೋ ಒಂದು ಅವನದೇ ಮಾತು ಬರಲಿ ಎಂದು ನಾನೂ ಕಾದೆ. ಕೈಯಲ್ಲಿದ್ದ ತಟ್ಟೆಯಿಂದ ಹುಳು ಅಂಚು ಹತ್ತಿ ಅವನ ಬೆರಳ ಮೇಲೆ ಬರುತ್ತಿದ್ದವು.

ಅವನು ಅವಳ ಹತ್ತಿರ ಬಂದು ದನಿ ತಗ್ಗಿಸಿದ. ಪರದೆಗೆ ಅಂಟಿಕೊಂಡಂತೆ ನಿಂತಿದ್ದ ನನಗೆ ಕೇಳಿತು.

“ಅಮ್ಮ ಇಷ್ಟು ದೂರ ಬಂದಾಳ ಮಂಗಳಾ. ಈಗ ಹೂಂ ಅಂದುಬಿಡು. ಆಮ್ಯಾಲ ನೋಡೋಣಂತ.”

ಅವಳು ಅವನನ್ನೇ ನೋಡಿದಳು. ಕೋಪವಿರಲಿಲ್ಲ ಆ ಮುಖದಲ್ಲಿ. ಕೋಪವಿದ್ದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಕೈ ಚಾಚಿ ಅವನ ಕೈಯಿಂದ ತಟ್ಟೆ ತೆಗೆದುಕೊಂಡಳು, ಬೆರಳ ಮೇಲೆ ಹತ್ತಿದ್ದ ಹುಳುವನ್ನು ಒಂದೊಂದಾಗಿ ಬಿಡಿಸಿ ತಟ್ಟೆಗೆ ಹಾಕಿಕೊಂಡಳು.

“ಕೈ ತೊಳ್ಕೊ ಭರತ್,” ಎಂದಳು. “ಅಮ್ಮ ಬಿಸ್ಲಲ್ಲಿ ನಿಂತವ್ರೆ.”

ಅವಳು ಮತ್ತೆ ಕೂತು ಕೆಲಸ ಹಿಡಿದಳು. ಅವನು ಪರದೆ ಸರಿಸಿ ಹೊರಗೆ ಬಂದು ತೊಟ್ಟಿಯಲ್ಲಿ ಕೈ ತೊಳೆದ, ನನ್ನ ಮನೆಗೆ ಹೋಗಿ ಚೀಲ ತಂದ. ಹೋಗುವಾಗ ನನಗೆ ಕೈ ಮುಗಿದ. ಒಳ್ಳೆಯ ಹುಡುಗ, ಈಗಲೂ ಹಾಗೇ ಹೇಳುತ್ತೇನೆ, ಹೇಳುವಾಗ ಕೆನ್ನೆಗೆ ಎರಡು ಬಾರಿಸಬೇಕು ಎಂದೂ ಅನ್ನಿಸುತ್ತದೆ. ಓಬಮ್ಮ ಕಾರು ಹತ್ತುವ ಮುಂಚೆ ತಿರುಗಿ ಹುಳು ಮನೆಯ ಕಡೆ ನೋಡಿದಳು. ಮಗ ಸಿಕ್ಕಿದ ಸಂತೋಷ ಅವಳ ಮುಖದಲ್ಲಿ ನನಗೆ ಕಾಣಲಿಲ್ಲ.

ಕಾರು ಹೋದ ಮೇಲೆ ನಾನು ಸೀರೆ ಎತ್ತಿಕಟ್ಟಿ, ಕೈಕಾಲು ತೊಳೆದು ಒಳಗೆ ಹೋಗಿ ಕೂತೆ. ಹೆಂಗಸರೆಲ್ಲರ ಕೈಯೂ ಬಿರುಸಾಗಿ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಬೋರಯ್ಯ ಸುಣ್ಣದಲ್ಲಿ ಕಾಲದ್ದಿ ಒಳಗೆ ಬಂದ. ಸೊಂಟ ಮುರಿದ ಮೇಲೆ ಅವನು ಹುಳು ಮನೆಯೊಳಗೆ ಕೂತು ಕೆಲಸ ಮಾಡಿದ್ದಿಲ್ಲ. ಮಗಳ ಎದುರಿಗೆ ಒಂದು ಸ್ಟೂಲು ಎಳೆದುಕೊಂಡು, ನೋವಿಗೆ ಮುಖ ಕಿವುಚಿ ಕೂತು, ಹುಳು ಆಯತೊಡಗಿದ. ಆಮೇಲೆ ತಲೆ ಎತ್ತದೆ ಕೇಳಿದ.

“ನಿಂಗೆ ಅವ್ನು ಬೇಕಾಗಿದ್ನಲ್ಲವ್ವ.”

“ಬೇಕಾಗಿದ್ದ ಅಪ್ಪ. ಈಗ್ಲೂ ಬೇಕು.”

“ಮತ್ತೆ ಒಂದ್ ಹೂಂ ಅಂದಿದ್ರೆ ಸಿಕ್ತಿದ್ನಲ್ಲ.”

“ಅದುಕ್ಕೇ ಅನ್ಲಿಲ್ಲ. ಅವ್ನ್ ಹೂಂ ಅವ್ನೇ ಅನ್ಬೇಕಿತ್ತು.”

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಕೈ ತುಂಬ ಹುಳು ಇದ್ದುದರಿಂದ ತೋಳಿನ ಬಟ್ಟೆಗೆ ಮುಖ ಒತ್ತಿ ಒರೆಸಿಕೊಂಡಳು. ಬೋರಯ್ಯ ಅವಳ ಮುಂದಿದ್ದ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಅವಳ ಪಾಲಿನ ಹುಳುವನ್ನೂ ತಾನೇ ಚಂದ್ರಿಕೆಗೆ ಬಿಡತೊಡಗಿದ. ಹೊರಗೆ ಬಿಸಿಲು ಇಳಿಯುತ್ತಿತ್ತು, ಇನ್ನೂ ಅರ್ಧ ಮನೆ ಹುಳು ಬಾಕಿ ಇತ್ತು.